ಬಂದೂಕು ಕೊಳ್ಳುವಾಗ ಯಾವ ಕಂಪನಿ? ನಮ್ಮ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೈನ್ಯದಲ್ಲಿ ಆಯುಧ ದುರಸ್ತಿಯ ಕೆಲಸ ಮಾಡಿ ಬೆಳಗಾವಿಗೆ ಮರಳಿದ ಮೇಲೆ ಮದುವೆ ಮನೆಯಲ್ಲಿ, ಪತ್ರದಲ್ಲಿ, ಫೋನಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರಲ್ಲಿ ಅಥಣಿಯ ಕಬ್ಬಿನ ರೈತರಿದ್ದಾರೆ, ತಿಕೋಟಾದ ದ್ರಾಕ್ಷಿ ಬೆಳೆಗಾರರಿದ್ದಾರೆ, ಬ್ಯಾಂಕಿನ ಕಾವಲು ಕೆಲಸಕ್ಕೆ ಸೇರಿದ ನಿವೃತ್ತ ಸೈನಿಕರಿದ್ದಾರೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲಿಯೇ ಉಳಿಸಿದ್ದೇನೆ.

## ಮೊದಲ ಸಲ ಕೊಳ್ಳುವವರು ಕೇಳಿದ್ದು

ಸರ್, ಒಂದೇ ಮಾತಿನ್ಯಾಗ ಹೇಳ್ರಿ, ಯಾವ ಕಂಪನಿ ಬಂದೂಕು ಚಲೋ?

ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ, ಏಕೆಂದರೆ ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ನೀವು ಮೊದಲಿಗೇ ಕೇಳಿದ್ದೀರಿ. ಖಿಲಾರಿ ಎತ್ತು ಕೊಳ್ಳುವವನು ಹಲ್ಲು, ಗೊರಸು, ನಡಿಗೆ ನೋಡಿದ ಮೇಲಷ್ಟೇ ಅದು ಯಾವ ಜಾತ್ರೆಯಿಂದ ಬಂದದ್ದೆಂದು ವಿಚಾರಿಸುತ್ತಾನೆ. ಬಂದೂಕಿನಲ್ಲಿಯೂ ಮೊದಲು ನೋಡಬೇಕಾದದ್ದು ಲೈಸೆನ್ಸು ಯಾವ ಬಗೆಯ ಆಯುಧಕ್ಕೆ, ಯಾವ ಬೋರಿಗೆ (ನಳಿಕೆಯ ಒಳಗಿನ ಅಳತೆಗೆ) ಸಿಕ್ಕಿದೆ ಎಂಬುದನ್ನು. ಆ ಬೋರಿನ ಕಾಡತೂಸು ನಿಮ್ಮ ಸುತ್ತಮುತ್ತ ವರ್ಷವಿಡೀ ಸಿಗುತ್ತದೆಯೇ, ಕೆಟ್ಟರೆ ಪರವಾನಗಿ ಪಡೆದ ದುರಸ್ತಿಗಾರ ಎಷ್ಟು ದೂರದಲ್ಲಿದ್ದಾನೆ, ಹಿಡಿಕೆ ನಿಮ್ಮ ಅಂಗೈಗೆ ಕೂಡುತ್ತದೆಯೇ ಎಂಬುವು ಅನಂತರದ ಪ್ರಶ್ನೆಗಳು. ಇಷ್ಟಕ್ಕೆ ಉತ್ತರ ಸಿಗುವ ಹೊತ್ತಿಗೆ ನಿಮ್ಮ ಮುಂದೆ ಎರಡೋ ಮೂರೋ ಹೆಸರುಗಳು ಮಾತ್ರ ಉಳಿದಿರುತ್ತವೆ. ಅವುಗಳಲ್ಲಿ ನಿಮ್ಮ ಮನಸ್ಸು ಒಪ್ಪಿದ್ದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಲೈಸೆನ್ಸಿಗೆ ಅರ್ಜಿ ಹಾಕುವಾಗಲೇ ಕಂಪನಿ ಹೆಸರು ಬರೆಯಬೇಕೇ?

ಬರೆಯಬೇಕಿಲ್ಲ. ಪರವಾನಗಿ ಕೊಡುವವರು ಜಿಲ್ಲಾಧಿಕಾರಿಗಳು, ಪೊಲೀಸ್ ಕಮಿಷನರೇಟ್ ಇರುವಲ್ಲಿ ಆಯುಕ್ತರು. ಅವರು ಆಯುಧದ ಬಗೆಯನ್ನೂ ಬೋರನ್ನೂ ನಮೂದಿಸಿ ಕೊಡುತ್ತಾರೆ. ತಯಾರಕರ ಹೆಸರು ಮತ್ತು ಆಯುಧದ ಸಂಖ್ಯೆ ನೀವು ಕೊಂಡ ಮೇಲೆ ಪುಸ್ತಕಕ್ಕೆ ಏರುತ್ತವೆ. 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿದಾರರು ಸುರಕ್ಷಿತ ಬಳಕೆಯ ತರಬೇತಿ ಪಡೆದಿರಬೇಕಾಗುತ್ತದೆ. ಆ ತರಬೇತಿಯಲ್ಲಿ ಬೇರೆ ಬೇರೆ ಆಯುಧಗಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಿದ್ದರೆ ಅದನ್ನು ಬಿಡಬೇಡಿ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಂಡ ಹೊಳಪಿಗಿಂತ ಅಲ್ಲಿ ಅಂಗೈ ಕಲಿತದ್ದು ಕೊಳ್ಳುವಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಕಾಗದಪತ್ರ ಏಕೆಂದು ಬೇಸರಿಸುವವರಿಗೆ ಒಂದು ಮಾತು. ಆಯುಧಕ್ಕೆ ಅಪ್ಪಣೆ ಕೇಳಬೇಕೆಂಬ ಕಟ್ಟಳೆಯ ಕಹಿ ನಮ್ಮ ಭಾಗಕ್ಕೆ ಹೊಸದಲ್ಲ. ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಒಪ್ಪದೆ ದಂಗೆಯೆದ್ದು ಪ್ರಾಣ ತೆತ್ತವರು. ಇಂದಿನ ಕಾನೂನು, ಅಂದರೆ ಆಯುಧ ಕಾಯ್ದೆ, 1959ರದು, ನಾವೇ ಆರಿಸಿದ ಸಂಸತ್ತು ಮಾಡಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಒಂದೊಂದು ಕಂಪನಿಯದು ಒಂದೊಂದು ಇಟ್ಟುಕೊಳ್ಳಬೇಕೆಂಬ ಆಸೆ ಇದೆ. ಎಷ್ಟು ಇಟ್ಟುಕೊಳ್ಳಬಹುದು?

ಎರಡು. 2019ರ ತಿದ್ದುಪಡಿಗೆ ಮೊದಲು ಮೂರಕ್ಕೆ ಅವಕಾಶವಿತ್ತು. ವಂಶಪಾರಂಪರ್ಯವಾಗಿ ಬರುವ ಬಂದೂಕಿಗೂ ಈ ಮಿತಿ ಅನ್ವಯಿಸುತ್ತದೆ. ಅದೇ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು.

ಕಬ್ಬಿನ ಗದ್ದೆಗೆ ಹಂದಿ ಬರ್ತಾವ. ಬೆಳೆ ಕಾಯಾಕ ಯಾವ ಕಂಪನೀದು ತಗೊಳ್ಳಿ?

ಬೆಳೆ ರಕ್ಷಣೆಗೆಂದು ಕಾನೂನು ಮೊದಲಿಗೆ ಸೂಚಿಸುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು; ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಕನಿಷ್ಠ 20 ಇಂಚು ಉದ್ದದ ನುಣುಪು ನಳಿಕೆಯ ಬೇರೆ ಬಂದೂಕಿಗೆ ಪರವಾನಗಿ ಸಿಗಬಹುದು. ಆದರೆ ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಂದಿಗೂ ಚಿಗರಿಗೂ ದ್ರಾಕ್ಷಿ ತೋಟಕ್ಕೆ ಬರುವ ಗಿಳಿಗೂ ಅನ್ವಯಿಸುತ್ತದೆ. ಬೀಳಗಿ–ಮುಧೋಳ ಕಡೆಯವರಿಗಂತೂ ಯಡಹಳ್ಳಿಯ ಚಿಂಕಾರ ಧಾಮ ಪಕ್ಕದಲ್ಲಿಯೇ ಇದೆ. ಸದ್ದು ಮಾಡಿ ಓಡಿಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ, ಬಂದೂಕಿಗೆ ಸುರಿಯುವ ಹಣವನ್ನು ತಂತಿಬೇಲಿಗೂ ಬಲೆಗೂ ಹಾಕಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ.

## ಹೆಸರುಗಳ ಬಗ್ಗೆ ಕೇಳಿದ್ದು

ಸರ್ಕಾರಿ ಕಾರ್ಖಾನೆಯ ಮಾಲು ಒರಟು, ನಾಜೂಕಿಲ್ಲ ಅಂತಾರಲ್ಲ, ನಿಜವೇ?

ಅರ್ಧ ನಿಜ. ಆರ್ಡ್‌ನನ್ಸ್ ಕಾರ್ಖಾನೆಗಳ ಮಾಲಿನಲ್ಲಿ ಹೊರಗಿನ ನುಣುಪು ವಿದೇಶಿ ಮಾಲಿಗೆ ಸಮವಲ್ಲ. ಟ್ರಿಗರ್ ಎಳೆತ ಬಿರುಸಾಗಿರುತ್ತದೆ, ಮರದ ಕೆಲಸ ಸಾಧಾರಣ. ಒಂದೇ ಮಾದರಿಯ ಎರಡು ಆಯುಧಗಳನ್ನು ಪಕ್ಕಪಕ್ಕ ಇಟ್ಟು ಎಳೆದು ನೋಡಿದರೆ ಎರಡೂ ಬೇರೆ ಬೇರೆ ಅನ್ನಿಸಿದ್ದುಂಟು. ಆದ್ದರಿಂದ ಅಂಗಡಿಯಲ್ಲಿ ಒಂದನ್ನೇ ತೋರಿಸಿ ಪೆಟ್ಟಿಗೆ ಮುಚ್ಚಲು ಬಿಡಬೇಡಿ. ಮೂರು ತೆಗೆಸಿ ನೋಡಿ, ಒಂದನ್ನು ಆರಿಸಿ.

ಆದರೆ ಲೋಹ ಗಟ್ಟಿ, ಕಾಡತೂಸು ಸಿಗುತ್ತದೆ, ಬಿಡಿಭಾಗಕ್ಕೆ ವಿಳಾಸವಿದೆ. ಆರ್ಡ್‌ನನ್ಸ್ ಫ್ಯಾಕ್ಟರಿ ಮಂಡಳಿ 2021ರ ಅಕ್ಟೋಬರ್ 1ರಂದು ಏಳು ಸರ್ಕಾರಿ ಕಂಪನಿಗಳಾಗಿ ಒಡೆಯಿತು. ಆಯುಧಗಳ ಪಾಲು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಬಂದಿತು. ಹೆಸರು ಬದಲಾದದ್ದರಿಂದ ಮಾಲು ಬೇರೆಯಾಯಿತೆಂದು ತಿಳಿಯಬೇಕಿಲ್ಲ, ಕಾರ್ಖಾನೆಗಳು ಅವೇ. ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯ .315 ರೈಫಲನ್ನೇ ನೋಡಿ. ಸೈನ್ಯದ .303 ಕಾಡತೂಸು ಸಾಮಾನ್ಯರ ಕೈಗೆ ಸಿಗಬಾರದೆಂಬ ಬ್ರಿಟಿಷ್ ಕಾಲದ ನಿರ್ಬಂಧದಿಂದಾಗಿ ಬಳಕೆಗೆ ಬಂದ ಬೋರು ಅದು. ಗುಂಡನ್ನು ಒಳಗೆ ತಳ್ಳುವ ಬೋಲ್ಟು ಬ್ರಿಟಿಷ್ ಸೈನ್ಯದ ಹಳೆಯ ಲೀ–ಎನ್‌ಫೀಲ್ಡ್ ರೈಫಲಿನ ಕಟ್ಟಿನದು. ಚೆಲುವು ಕಡಿಮೆ, ಆದರೆ ಬ್ಯಾಂಕಿನ ಬಾಗಿಲಲ್ಲಿ ದಿನವಿಡೀ ಹೆಗಲಿಗೇರಿಸಿ ನಿಲ್ಲುವವರು ಅದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ.

ರಿವಾಲ್ವರ್ ಬೇಕಾಗಿದೆ. ನಿರ್ಭೀಕ್ ತೆಗೆದುಕೊಳ್ಳಲೋ, ಪ್ರಬಲ್ ತೆಗೆದುಕೊಳ್ಳಲೋ?

ಎರಡೂ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರುಗಳೇ. 2014ರಲ್ಲಿ ನಿರ್ಭೀಕ್ ಬಂದಾಗ ಅದನ್ನು ಮಹಿಳೆಯರಿಗೆಂದೇ ಪ್ರಚಾರ ಮಾಡಿದರು. ಟೈಟೇನಿಯಂ ಮಿಶ್ರಲೋಹದಿಂದ ತೂಕವನ್ನು ಅರ್ಧ ಕಿಲೋದ ಹತ್ತಿರಕ್ಕೆ ಇಳಿಸಿದ್ದರು. ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಹಗುರ ಎಂಬುದು ಹೊತ್ತು ತಿರುಗುವಾಗ ಸುಖ, ಹಾರಿಸುವಾಗ ಅಷ್ಟು ಸುಖವಲ್ಲ. ಒಂದೇ ಕಾಡತೂಸನ್ನು ಭಾರದ ಆಯುಧ ನುಂಗಿಕೊಂಡಷ್ಟು ಹಗುರದ್ದು ನುಂಗುವುದಿಲ್ಲ, ಒದೆತ ಅಂಗೈಗೆ ಬರುತ್ತದೆ. ಕೈ ಚಿಕ್ಕದಿರುವವರಿಗೆ ಹಗುರವಾದದ್ದೇ ಒಳ್ಳೆಯದೆಂಬ ನಂಬಿಕೆಯನ್ನು ಈ ಕಾರಣಕ್ಕಾಗಿಯೇ ನಾನು ಒಪ್ಪುವುದಿಲ್ಲ.

2023ರಲ್ಲಿ ಬಂದ ಪ್ರಬಲ್ ಸುಮಾರು 700 ಗ್ರಾಂ ತೂಗುತ್ತದೆ. ನಿರ್ಭೀಕ್ ಮತ್ತು ಹಳೆಯ ಸರ್ಕಾರಿ .32 ರಿವಾಲ್ವರುಗಳನ್ನು ಇಂಗ್ಲೆಂಡಿನ ವೆಬ್ಲಿ ಕಂಪನಿಯ ಪದ್ಧತಿಯಂತೆ ನಡುವಿನಲ್ಲಿ ಮುರಿದು, ನಳಿಕೆಯನ್ನು ಕೆಳಕ್ಕೆ ಬಾಗಿಸಿ ಗುಂಡು ತುಂಬಬೇಕು. ಪ್ರಬಲ್‌ನಲ್ಲಿ ಗುಂಡಿನ ಉರುಳೆ ಪಕ್ಕಕ್ಕೆ ಹೊರಳಿ ತೆರೆದುಕೊಳ್ಳುತ್ತದೆ. ಮುರಿಯುವ ಕೀಲು ವರ್ಷಗಳು ಉರುಳಿದಂತೆ ಸಡಿಲವಾಗುವ ಜಾಗ, ಹಾಗಾಗಿ ಹೊಸದಾಗಿ ಕೊಳ್ಳುವವರಿಗೆ ನನ್ನ ಒಲವು ಪಕ್ಕಕ್ಕೆ ಹೊರಳುವ ಉರುಳೆಯ ಕಡೆಗಿದೆ. ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ಈಗ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ತಯಾರಾಗುತ್ತಿದೆ ಎಂಬುದೂ ನೆನಪಿರಲಿ. ಆ ಹೆಸರಿನ ಇಂಗ್ಲೆಂಡಿನ ಹಳೆಯ ಮಾಲು ಬೇರೆ, ಇದು ಬೇರೆ.

ಎರಡೂ .32 ಅಂದ ಮ್ಯಾಲೆ ರಿವಾಲ್ವರಿನ ಗುಂಡು ಪಿಸ್ತೂಲಿಗೂ ನಡಿತದಲ್ಲ?

ನಡೆಯುವುದಿಲ್ಲ. ಸಂಖ್ಯೆ ಒಂದೇ, ಕಾಡತೂಸು ಬೇರೆ. ರಿವಾಲ್ವರಿನದು ಅಂಚು ಹೊರಚಾಚಿದ, 23 ಮಿ.ಮೀ. ಉದ್ದದ ಕವಚ; ಸರ್ಕಾರಿ ಕಾರ್ಖಾನೆಯ ಅಶನಿ ಪಿಸ್ತೂಲಿಗೂ ವಿದೇಶದ ಹಳೆಯ ವಾಲ್ಥರ್ .32ಕ್ಕೂ ಬೇಕಾದದ್ದು 17 ಮಿ.ಮೀ. ಕವಚ. ಒಂದನ್ನು ಇನ್ನೊಂದಕ್ಕೆ ಬಲವಂತದಿಂದ ತೂರಿಸಬೇಡಿ. ಅಂಗಡಿಯಲ್ಲಿ ಕೇಳುವಾಗ "ಬತ್ತೀಸಿನ ಗುಂಡು" ಎಂದಷ್ಟೇ ಹೇಳದೆ ಯಾವ ಆಯುಧಕ್ಕೆ ಎಂಬುದನ್ನೂ ಹೇಳಿ.

ಇಪ್ಪತ್ತು ವರ್ಷ ಫೌಜಿನಾಗ ಇದ್ದವ ನಾನು. ಅಲ್ಲಿ ಬಳಸಿದ 9 ಎಂ.ಎಂ. ಬಿಟ್ಟು ಬೇರೆ ಕೈಗೆ ಹತ್ತುವುದಿಲ್ಲ. ಸಿಗುತ್ತದೆಯೇ?

ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇರುವ ಊರಿನಲ್ಲಿ ಈ ಪ್ರಶ್ನೆ ವಾರಕ್ಕೊಮ್ಮೆ ಬರುತ್ತದೆ. ಸೈನ್ಯ ಬಳಸುವ ಅಥವಾ ಹಿಂದೆ ಬಳಸಿದ 9 ಮಿ.ಮೀ., .303, 7.62 ಬೋರುಗಳು ನಿಷೇಧಿತ ವರ್ಗಕ್ಕೆ ಸೇರಿವೆ. ಸಾಮಾನ್ಯ ಪರವಾನಗಿಯಲ್ಲಿ ಅವು ದೊರೆಯುವುದಿಲ್ಲ. ನಿಮಗೆ ಉಳಿಯುವುದು .32ರ ರಿವಾಲ್ವರು ಅಥವಾ ಪಿಸ್ತೂಲು, .22, .315, .30–06 ರೈಫಲು ಮತ್ತು 12 ಬೋರಿನ ಬಂದೂಕು. ಕೈಗೆ ಹತ್ತುವುದಿಲ್ಲ ಎಂಬ ಕಷ್ಟ ನನಗೂ ಗೊತ್ತು. ನಿವೃತ್ತನಾದ ಮೊದಲ ವರ್ಷ ನಾಗರಿಕ ಆಯುಧಗಳೆಲ್ಲ ಆಟಿಕೆಯಂತೆ ಕಂಡಿದ್ದವು. ಅಭ್ಯಾಸ ಬದಲಾಗುತ್ತದೆ, ಸಮಯ ಹಿಡಿಯುತ್ತದೆ.

ಫಾರಿನ್ ಹೆಸರಿನ ಹಳೆಯ ಆಯುಧಕ್ಕೆ ಅಷ್ಟೊಂದು ಬೆಲೆ ಯಾಕೆ? ಅಷ್ಟು ಶ್ರೇಷ್ಠವೇ?

ಬೆಲೆಯ ದೊಡ್ಡ ಪಾಲು ಶ್ರೇಷ್ಠತೆಯಿಂದ ಬಂದದ್ದಲ್ಲ, ಬಾಗಿಲು ಮುಚ್ಚಿದ್ದರಿಂದ ಬಂದದ್ದು. 1980ರ ದಶಕದ ನಡುವಿನಿಂದ ಸಾಮಾನ್ಯ ನಾಗರಿಕರು ವಿದೇಶದಿಂದ ಆಯುಧ ತರಿಸುವುದು ನಿಂತುಹೋಯಿತು. ಅಂದಿನಿಂದ ದೇಶದೊಳಗೆ ಇದ್ದಷ್ಟೇ ವೆಬ್ಲಿ, ಕೋಲ್ಟ್, ಸ್ಮಿತ್ ಅಂಡ್ ವೆಸನ್, ವಾಲ್ಥರ್‌ಗಳು ಕೈಯಿಂದ ಕೈಗೆ ಹೋಗುತ್ತಿವೆ. ಹೊಸ ಮಾಲು ಬಾರದ ಸಂತೆಯಲ್ಲಿ ಹಳೆಯದಕ್ಕೆ ಚಿನ್ನದ ಬೆಲೆ ಬರುವುದು ಸಹಜ. ಹೊರದೇಶಗಳಲ್ಲಿ ಮಧ್ಯಮ ದರ್ಜೆಯೆಂದು ಎಣಿಸುವ ಪಿಸ್ತೂಲಿಗೆ ಇಲ್ಲಿ ಹೊಲ ಮಾರಿ ಹಣ ಹೊಂದಿಸಿದವರನ್ನು ನೋಡಿದ್ದೇನೆ. ಅದನ್ನು ಕೊಂಡವರು ಹಾರಿಸುವುದಕ್ಕಿಂತ ಹೆಚ್ಚಾಗಿ ತೋರಿಸುತ್ತಾರೆ ಎಂಬುದೂ ನನ್ನ ಅನುಭವ.

ಅದೇ ಫಾರಿನ್ ಪಿಸ್ತೂಲು ಕಡಿಮೆ ಬೆಲೆಗೆ ಕೊಡ್ತೀನಿ ಅಂತ ಒಬ್ಬ ಬಂದಿದ್ದ. ಮೇಲೆ "ಮೇಡ್ ಇನ್ ಯುಎಸ್ಎ" ಅಂತ ಕೊರೆದೈತಿ.

ಕೊರೆದ ಅಕ್ಷರವನ್ನು ನಂಬಬೇಡಿ, ಮನುಷ್ಯನನ್ನೂ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಕಳ್ಳ ಕುಲುಮೆಗಳಲ್ಲಿ ತಯಾರಾದ ನಾಡಪಿಸ್ತೂಲುಗಳ ಮೇಲೆ ಅಮೆರಿಕ, ಇಟಲಿಗಳ ಹೆಸರು ಕೊರೆಯುವುದು ಹಳೆಯ ಚಾಳಿ. ಭೀಮಾತೀರದ ಊರುಗಳಿಗೆ ಈ ಮಾಲು ತಂದಿಟ್ಟ ಅಪಕೀರ್ತಿಯನ್ನು ವಿಜಯಪುರದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಇಂಥದ್ದರ ಅಕ್ಷರಗಳನ್ನು ಬೆರಳ ತುದಿಯಿಂದ ಸವರಿದರೆ ಅಂಚು ತರಚುತ್ತದೆ, ಸಾಲು ಓರೆಯಾಗಿರುತ್ತದೆ, ಕೆಲವದರಲ್ಲಿ ಕಾಗುಣಿತವೇ ತಪ್ಪಿರುತ್ತದೆ. ಪರವಾನಗಿಯಿಲ್ಲದ ಆಯುಧ ಇಟ್ಟುಕೊಂಡದ್ದಕ್ಕೆ 2019ರ ತಿದ್ದುಪಡಿಯ ಅನಂತರ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸವಿದೆ.

ತಯಾರಕರ ಹೆಸರು, ಸಂಖ್ಯೆ ಅಥವಾ ಕೇಂದ್ರ ಸರ್ಕಾರ ಒಪ್ಪಿದ ಬೇರೆ ಗುರುತು ಒತ್ತಿರದ ಬಂದೂಕನ್ನು ಮಾರಬಾರದು, ಒತ್ತಿದ್ದನ್ನು ಅಳಿಸಬಾರದು, ತಿದ್ದಬಾರದು ಎನ್ನುತ್ತದೆ ಆಯುಧ ಕಾಯ್ದೆಯ 8ನೆಯ ಕಲಮು. ಬ್ರಾಂಡಿನ ಹುಚ್ಚು ಬೇಡವೆಂದು ನಾನು ಎಷ್ಟೇ ಹೇಳಿದರೂ, ಲೋಹದ ಮೇಲಿನ ಈ ಗುರುತಿನ ವಿಷಯದಲ್ಲಿ ಮಾತ್ರ ಕೂದಲೆಳೆಯಷ್ಟೂ ರಾಜಿ ಮಾಡಿಕೊಳ್ಳಬೇಡಿ.

## ಹಳೆಯ ಬಂದೂಕು ಇದ್ದವರು ಕೇಳಿದ್ದು

ವಾಡೇದಾಗ ಅಜ್ಜನ ಕಾಲದ ಇಂಗ್ಲೆಂಡ್ ಜೋಡುನಳಿಕೆ ಐತಿ. ಹೊಸದು ತಗೊಳ್ಳೋದು ಬಿಟ್ಟು ಅದನ್ನ ನನ್ನ ಹೆಸರಿಗೆ ಮಾಡಿಸಿಕೊಂಡು ಬಳಸಬಹುದೇನ್ರಿ?

ವಾರಸುದಾರರ ಹೆಸರಿಗೆ ಪರವಾನಗಿ ಕಾನೂನಿನ ಪ್ರಕಾರ ಸಿಗಬಹುದು. ಬಳಸಬಹುದೇ ಎಂಬುದನ್ನು ಹೆಸರು ಹೇಳುವುದಿಲ್ಲ, ನಳಿಕೆ ಹೇಳುತ್ತದೆ. ಮೂವತ್ತು ವರ್ಷದ ಹಿಂದೆ ಹೆಸರು ನೋಡಿಯೇ ಮೋಸಹೋದವನು ನಾನು. ಮಾರಿದವನು ನಳಿಕೆಯ ಮೇಲಿನ ಬರ್ಮಿಂಗ್‌ಹ್ಯಾಮಿನ ವಿಳಾಸವನ್ನು ತೋರಿಸಿದ, ನಾನು ಅದನ್ನು ಓದುತ್ತ ಕುಳಿತೆ. ನಳಿಕೆಗಳ ನಡುವಿನ ಪಟ್ಟಿ ಬೆಸುಗೆ ಬಿಟ್ಟದ್ದನ್ನು ನೋಡಲೇ ಇಲ್ಲ.

ಈಗ ಹೀಗೆ ನೋಡುತ್ತೇನೆ. ಮೊದಲು ಎರಡೂ ನಳಿಕೆ ಖಾಲಿಯೆಂದು ಖಚಿತಪಡಿಸಿಕೊಳ್ಳುತ್ತೇನೆ. ಮುಚ್ಚಿದ ಬಂದೂಕಿನ ಮೇಲಿನ ಸನ್ನೆಯನ್ನು, ಅಂದರೆ ನಳಿಕೆ ತೆರೆಯಲು ಹೆಬ್ಬೆರಳಿನಿಂದ ಹೊರಳಿಸುವ ಹಿಡಿಯನ್ನು, ಗಮನಿಸುತ್ತೇನೆ: ಹೊಸದರಲ್ಲಿ ಅದು ನಡುಗೆರೆಯಿಂದ ಬಲಕ್ಕೆ ನಿಂತಿರುತ್ತದೆ, ಬೀಗದ ಭಾಗ ಸವೆದಂತೆ ನಡುವಿಗೆ ಬರುತ್ತದೆ, ತೀರ ಸವೆದರೆ ಎಡಕ್ಕೆ ದಾಟುತ್ತದೆ. ಅನಂತರ ಮುಂಗೈ ಮರವನ್ನು ತೆಗೆದಿಟ್ಟು ಬಂದೂಕನ್ನು ಮೆಲ್ಲನೆ ಅಲುಗಿಸುತ್ತೇನೆ. ಕೀಲು ಸಡಿಲವಿದ್ದರೆ ಅಂಗೈಗೆ ಟಕಟಕ ಎಂದು ಗೊತ್ತಾಗುತ್ತದೆ. ನಳಿಕೆಗಳನ್ನು ಬಿಡಿಸಿ, ಕೊಕ್ಕೆಯನ್ನು ಒಂದು ಬೆರಳಿಗೆ ಸಿಕ್ಕಿಸಿ ತೂಗುಹಾಕಿ ಉಗುರಿನಿಂದ ತಟ್ಟಿದರೆ ಗುಡಿಯ ಸಣ್ಣ ಗಂಟೆಯಂತೆ ನಾದ ಬರಬೇಕು. ಒಡೆದ ಗಡಿಗೆಯಂತೆ ದಪ್ಪನೆಯ ಸದ್ದು ಬಂದರೆ ಬೆಸುಗೆ ಎಲ್ಲೋ ಬಿಟ್ಟಿದೆ. ಕೊನೆಗೆ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡುತ್ತೇನೆ. ಬೆಳಕಿನ ಉಂಗುರಗಳು ಒಂದರೊಳಗೊಂದು ಸಮವಾಗಿ ಕೂತಿದ್ದರೆ ನಳಿಕೆ ನೇರ. ಎಲ್ಲಿಯಾದರೂ ಉಂಗುರ ಮುರಿದಿದ್ದರೆ ಅಲ್ಲಿ ನಗ್ಗಿದೆ ಅಥವಾ ಉಬ್ಬಿದೆ.

ಇಷ್ಟರಲ್ಲಿ ಗೆದ್ದರೂ ಕೋಣೆಯ, ಅಂದರೆ ನಳಿಕೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಜಾಗದ, ಉದ್ದವನ್ನು ಅಳೆಸದೆ ಗುಂಡು ಹಾಕಬೇಡಿ. ಆ ಕಾಲದ ಅನೇಕ ಬ್ರಿಟಿಷ್ 12 ಬೋರುಗಳ ಕೋಣೆ ಎರಡೂವರೆ ಇಂಚಿನದು, ಅಂದರೆ ಸುಮಾರು 65 ಮಿ.ಮೀ.; ಈಗಿನ ಸಾಮಾನ್ಯ ಕಾಡತೂಸು 70 ಮಿ.ಮೀ. ಮೋಸ ಎಲ್ಲಿದೆಯೆಂದರೆ ಉದ್ದದ ಕಾಡತೂಸು ಹಳೆಯ ಕೋಣೆಯಲ್ಲಿ ಸಲೀಸಾಗಿ ಕೂಡುತ್ತದೆ, ಏಕೆಂದರೆ ಅದರ ಮೇಲೆ ಬರೆದ ಅಳತೆ ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಕವಚದ್ದು. ಬಿಚ್ಚಿಕೊಳ್ಳಲು ಜಾಗ ಸಾಲದಾದಾಗ ಒತ್ತಡ ಏರುತ್ತದೆ. ನಳಿಕೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಕೆಯಾಗಿರಬಹುದು. ಅವುಗಳಲ್ಲಿ ಬಹುಪಾಲು ಕರಿಮದ್ದಿನ ಕಾಲಕ್ಕೆ ಸೇರಿದವು. ನಳಿಕೆಯ ಅಡಿಯ ಚಪ್ಪಟೆ ಭಾಗದಲ್ಲಿ ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ "ನೈಟ್ರೋ ಪ್ರೂಫ್" ಮುದ್ರೆ ಇಲ್ಲದಿದ್ದರೆ ಅದನ್ನು ಗೋಡೆಯ ಮೇಲೆಯೇ ಇರಲು ಬಿಡಿ. ಅಜ್ಜನ ನೆನಪಿಗೆ ಅಷ್ಟು ಸಾಕು.

ಪಿನ್ ಮುರಿದೈತಿ. ಉದ್ಯಮಬಾಗದಾಗ ಲೇತಿಗೆ ಹಾಕಿಸಿ ಮಾಡಿಸಿದರ ಆಗಂಗಿಲ್ಲೇನು?

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಹೈಡ್ರಾಲಿಕ್ ಭಾಗಗಳನ್ನು ಕಡೆಯುವವರಿಗೆ ಒಂದು ಪಿನ್ನು ಲೆಕ್ಕಕ್ಕಿಲ್ಲ. ಆದರೆ ಬಂದೂಕಿನ ದುರಸ್ತಿಗೂ ಪ್ರತ್ಯೇಕ ಪರವಾನಗಿ ಬೇಕೆಂದು ಕಾಯ್ದೆಯ 5ನೆಯ ಕಲಮು ಹೇಳುತ್ತದೆ. ನಿಮ್ಮ ಹಣ ಉಳಿಸಲು ಹೋಗಿ ಆ ಲೇತಿನವನನ್ನು ಠಾಣೆಯ ಮೆಟ್ಟಿಲು ಹತ್ತಿಸಬೇಡಿ. ಬಿಡಿಭಾಗ ಸಿಗುವ ಹೆಸರನ್ನೇ ಆರಿಸಿ ಎಂದು ನಾನು ಹೇಳುವುದು ಇಂಥ ದಿನಕ್ಕಾಗಿ.

ಪರಿಚಯದವರ ಹತ್ತಿರ ನನಗೆ ಬೇಕಾದ ಕಂಪನಿಯ ಬಂದೂಕು ಇದೆ. ನೇರವಾಗಿ ಕೊಳ್ಳಬಹುದೇ?

ಆ ಬಗೆಗೂ ಬೋರಿಗೂ ಹೊಂದುವ ಪರವಾನಗಿ ನಿಮ್ಮಲ್ಲಿರಬೇಕು. ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ, 45 ದಿನ ಕಳೆದ ಮೇಲೆ ಕೊಡಬಹುದು. ಮುಂಗಡ ಕೊಟ್ಟು ಅವತ್ತೇ ಮನೆಗೆ ಒಯ್ಯುವುದು ಸಲ್ಲದು.

## ಇಟ್ಟುಕೊಂಡು ಬಳಸುವವರು ಕೇಳಿದ್ದು

ಯಾವ ಕಂಪನಿಯದು ತುಕ್ಕು ಹಿಡಿಯುವುದಿಲ್ಲ?

ಉಕ್ಕಿಗೆ ಕಪ್ಪು ಲೇಪ ಕೊಟ್ಟ ಯಾವುದೇ ಆಯುಧ ತುಕ್ಕು ಹಿಡಿಯುತ್ತದೆ, ಹೆಸರು ಎಷ್ಟೇ ದೊಡ್ಡದಿರಲಿ. ಖಾನಾಪುರ, ಬೆಳಗಾವಿಯ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಣ್ಣೆಬಟ್ಟೆಯಿಂದ ಒರೆಸಲೇಬೇಕು. ವಿಜಯಪುರ ಕಡೆ ಕಷ್ಟ ತದ್ವಿರುದ್ಧ: ಎರಿಹೊಲದ ದೂಳು ಎಣ್ಣೆಗೆ ಅಂಟಿ ಅರೆಯುವ ಹಿಟ್ಟಾಗುತ್ತದೆ, ಆದ್ದರಿಂದ ಅಲ್ಲಿ ಎಣ್ಣೆ ಹಚ್ಚಿ ಒಣಬಟ್ಟೆಯಿಂದ ಮತ್ತೆ ಒರೆಸಿ ತೆಗೆಯಬೇಕು. ಚರ್ಮದ ಚೀಲದೊಳಗೆ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ.

ಎರಡು ಸಂದರ್ಭಗಳನ್ನು ಜನ ಮರೆಯುತ್ತಾರೆ. ಮಹಾನವಮಿಯ ಆಯುಧ ಪೂಜೆಯಲ್ಲಿ ನಳಿಕೆಗೆ ಹಚ್ಚಿದ ಒದ್ದೆ ಕುಂಕುಮ ಮರುದಿನವೂ ಹಾಗೆಯೇ ಇದ್ದರೆ ಅದರಡಿಯಲ್ಲಿ ಗುಳಿ ಬೀಳುತ್ತದೆ. ಪೂಜೆ ಮುಗಿದ ಸಂಜೆಯೇ ಒರೆಸಿಬಿಡಿ. ಇನ್ನೊಂದು, ಚುನಾವಣೆಯ ಸಮಯದಲ್ಲಿ ಠಾಣೆಗೆ ಜಮಾ ಮಾಡುವುದು. ಒಮ್ಮೆ ನಾನು ಕೊಟ್ಟ ಬಂದೂಕು ಎರಡು ತಿಂಗಳ ಮೇಲೆ ಮರಳಿದಾಗ ಟ್ರಿಗರ್ ಕಾವಲಿನ ಮೇಲೆ ಕೆಂಪು ಹುಡಿ ಕೂತಿತ್ತು. ಅಂದಿನಿಂದ ಜಮಾ ಮಾಡುವ ಮುನ್ನ ಒಳಗೂ ಹೊರಗೂ ತುಸು ದಪ್ಪ ಎಣ್ಣೆ ಹಚ್ಚಿ, ಹತ್ತಿಬಟ್ಟೆ ಸುತ್ತಿ, ಸಂಖ್ಯೆ ಬರೆದ ಚೀಟಿ ಕಟ್ಟಿ, ರಸೀದಿ ಪಡೆದು ಬರುತ್ತೇನೆ.

ಕಾಡತೂಸಿಗೂ ಕಂಪನಿ ನೋಡಬೇಕೇ?

ಬಂದೂಕಿಗಿಂತ ಹೆಚ್ಚಾಗಿ ನೋಡಬೇಕು. ನಮ್ಮಲ್ಲಿ ಹೆಚ್ಚು ಕಾಣುವುದು ಪುಣೆಯ ಪಕ್ಕದ ಖಡಕಿ ಕಾರ್ಖಾನೆಯ ಮಾಲು. 12 ಬೋರಿನಲ್ಲಿ ಅದರ ಶಕ್ತಿಮಾನ್ ಹೆಸರು ಎಲ್ಲರಿಗೂ ಗೊತ್ತು. ಪೆಟ್ಟಿಗೆಯ ಮೇಲಿನ ತಯಾರಿಕೆಯ ವರ್ಷವನ್ನು ನೋಡಿ. ಎರಡು ಮಳೆಗಾಲ ಕಂಡ ಕಾಡತೂಸಿನ ಮೈ ಉಬ್ಬಿದ್ದರೆ, ಹಿತ್ತಾಳೆಯ ಬುಡ ಹಸಿರುಗಟ್ಟಿದ್ದರೆ ಹಾಕಬೇಡಿ. ಹಾರದೆ ಉಳಿದದ್ದನ್ನು ಅವಸರದಲ್ಲಿ ತೆರೆಯದೆ, ನಳಿಕೆಯನ್ನು ಬಯಲಿನತ್ತ ಹಿಡಿದು ಅರ್ಧ ನಿಮಿಷ ಕಾಯಿರಿ. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತುತ್ತದೆ.

ಮಗಳು ಶೂಟಿಂಗ್ ಕಲಿಯಬೇಕೆನ್ನುತ್ತಾಳೆ. ಯಾವ ಏರ್ ರೈಫಲ್ ಕೊಡಿಸಲಿ?

10 ಮೀಟರ್ ಸ್ಪರ್ಧೆಯ ಮೇಲ್ಮಟ್ಟದಲ್ಲಿ ವಾಲ್ಥರ್, ಫೈನ್‌ವೆರ್ಕ್‌ಬಾವ್ ಎಂಬ ಜರ್ಮನ್ ಹೆಸರುಗಳು ಪ್ರಸಿದ್ಧ. ಆರಂಭಕ್ಕೆ ಪ್ರೆಸಿಹೋಲ್‌ನಂಥ ದೇಶೀಯ ಮಾಲು ಸಾಕು. ಮೊದಲ ಆರು ತಿಂಗಳು ಕ್ಲಬ್ಬಿನ ರೈಫಲಿನಲ್ಲಿಯೇ ಕಲಿಯಲಿ. ಅವಳ ತೋಳಿನ ಉದ್ದ, ಕೆನ್ನೆಯ ಎತ್ತರ ತರಬೇತುದಾರರಿಗೆ ತಿಳಿದ ಮೇಲೆ ಹಿಂಬದಿಯ ಕಟ್ಟನ್ನು ಅದಕ್ಕೆ ಹೊಂದಿಸಿಕೊಳ್ಳಬಹುದಾದ ಮಾದರಿಯನ್ನು ಕೊಡಿಸಿ. ಬೋರು 4.5 ಮಿ.ಮೀ. ಮೀರಿದರೆ ಅಥವಾ ಶಕ್ತಿ 20 ಜೂಲ್ ದಾಟಿದರೆ ಗಾಳಿಬಂದೂಕಿಗೂ ಪರವಾನಗಿ ಬೇಕಾಗುತ್ತದೆ; ಸ್ಪರ್ಧೆಯ ರೈಫಲುಗಳು ಆ ಮಿತಿಯೊಳಗೇ ಇರುತ್ತವೆ.

ಇಷ್ಟೆಲ್ಲ ಹೇಳತೀರಿ, ನಿಮ್ಮ ಮನ್ಯಾಗ ಯಾವ ಕಂಪನೀದು ಐತಿ?

ಜಮ್ಮುವಿನಲ್ಲಿ ತಯಾರಾದ, ದೊಡ್ಡ ಹೆಸರಿಲ್ಲದ 12 ಬೋರಿನ ಜೋಡುನಳಿಕೆ ಒಂದೇ. ಹಿಂದೆ ಹೇಳಿದ ಬರ್ಮಿಂಗ್‌ಹ್ಯಾಮಿನ ಬಂದೂಕನ್ನು ಕಾನೂನಿನ ಪ್ರಕಾರ ಒಪ್ಪಿಸಿಬಿಟ್ಟೆ. ಈ ಜಮ್ಮುವಿನದರ ಮರದ ಹಿಡಿಕೆ ಒಂದೆಡೆ ಬಿಳುಚಿದೆ, ಕೊರೆದ ಹೂಬಳ್ಳಿ ಸವೆದು ಹುಲ್ಲಿನಂತೆ ಕಾಣುತ್ತದೆ. ನೋಡಲು ಬಂದವರು ಎರಡನೆಯ ಸಲ ಕೈಗೆತ್ತಿಕೊಳ್ಳುವುದಿಲ್ಲ. ಸನ್ನೆ ಮಾತ್ರ ಇಂದಿಗೂ ನಡುಗೆರೆಯ ಬಲಕ್ಕೇ ನಿಂತಿದೆ.